ಒಂದೇ ಹತ್ತಿ, ಎರಡು ಬಂದರು: ಬೋರಿಬಂದರದ ಮಹಾನಿಲ್ದಾಣವೂ ಕಾರವಾರಕ್ಕೆ ಬಾರದ ರೈಲೂ

ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ. ಸಮುದ್ರಕ್ಕೆ ಮುಖಮಾಡಿ ಕುಳಿತ ಪಟ್ಟಣದಿಂದ ರಿಕ್ಷಾ ಹಿಡಿದು ಗುಡ್ಡದ ಕಡೆಗೆ ಕೆಲವು ಕಿಲೋಮೀಟರ್ ಸಾಗಿದ ಮೇಲೆ ಅದು ಸಿಗುತ್ತದೆ. ಊರೊಳಗೆ ನಿಂತವನಿಗೆ ಗಾಡಿ ಕಾಣುವುದಿಲ್ಲ. ಅಲ್ಲಿ ರಾತ್ರಿ ಮಂಗಳೂರು–ಮುಂಬಯಿ ಗಾಡಿ ಹತ್ತಿದವರು ಬೆಳಗಿನ ಜಾವಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ ಇಳಿಯುತ್ತಾರೆ. ನಮ್ಮ ಅಜ್ಜಿಯ ಕಾಲದವರು ಕೊನೆಯವರೆಗೂ ಅದನ್ನು ಬೋರಿಬಂದರವೆಂದೇ ಕರೆದರು, ಆಮೇಲಿನವರು ವಿ.ಟಿ. ಎಂದರು, ಈಗಿನ ಮಕ್ಕಳು ಸಿ.ಎಸ್.ಎಂ.ಟಿ. ಎನ್ನುತ್ತಾರೆ. ತಗ್ಗು ಮಾಡಿನ ನಿಲ್ದಾಣದಲ್ಲಿ ಹೊರಟು, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡದ ಮಗ್ಗುಲಲ್ಲಿ ಕಣ್ಣುಜ್ಜಿಕೊಳ್ಳುತ್ತ ಹೊರಬರುವ ನಮ್ಮವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಇಷ್ಟು ಒಳ್ಳೆಯ ಬಂದರು ಇಟ್ಟುಕೊಂಡ ಕಾರವಾರಕ್ಕೆ ಇಂಥದ್ದೊಂದು ಏಕೆ ದಕ್ಕಲಿಲ್ಲ?

ಊರಿನ ಕಟ್ಟೆಗಳ ಮೇಲೆ ಇದಕ್ಕೆ ಸಿದ್ಧ ಉತ್ತರವಿದೆ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಬರಬೇಕಿದ್ದ ರೈಲನ್ನು ಗೋವಾ ಕಸಿದುಕೊಂಡಿತು, ಇಲ್ಲದಿದ್ದರೆ ಕಾರವಾರದ ಬಂದರು ಇರುವ ಬೈತಖೋಲವೇ ಎರಡನೆಯ ಮುಂಬಯಿ ಆಗುತ್ತಿತ್ತು ಎಂಬುದು ಆ ಉತ್ತರ. ಬಹಳ ಕಾಲ ನಾನೂ ಅದನ್ನು ನಂಬಿದ್ದೆ. ಈ ಬರಹದಲ್ಲಿ ಕಾರವಾರವನ್ನು ಒಂದು ಪ್ರಕರಣವಾಗಿ ಎತ್ತಿಕೊಂಡು, ಆ ಉತ್ತರದ ಎರಡು ಭಾಗಗಳನ್ನು, ಅಂದರೆ ರೈಲು ತಪ್ಪಿದ ಸಂಗತಿಯನ್ನೂ ರೈಲಿನ ಜೊತೆ ಭವ್ಯ ಕಟ್ಟಡವೂ ತಪ್ಪಿತೆಂಬ ನಂಬಿಕೆಯನ್ನೂ, ಬೇರೆಬೇರೆಯಾಗಿ ಪರಿಶೀಲಿಸುತ್ತೇನೆ. ಮೊದಲನೆಯದು ನಿಜ. ಎರಡನೆಯದು ಹಾಗಲ್ಲ ಎಂಬುದು ನನ್ನ ವಾದ.

ಹತ್ತಿಯ ನಾಲ್ಕು ವರ್ಷ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ದಕ್ಷಿಣ ರಾಜ್ಯಗಳ ಬಂದರುಗಳು ಮುಚ್ಚಿಕೊಂಡಾಗ, ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ಹತ್ತಿಗಾಗಿ ಇಂಡಿಯಾದ ಕಡೆಗೆ ತಿರುಗಿದವು. ಧಾರವಾಡದ ಎರೆನೆಲದಲ್ಲಿ ಹತ್ತಿ ಬೇಕಾದಷ್ಟು ಬೆಳೆಯುತ್ತಿತ್ತು. ಆದರೆ ಅದು ಕಡಲು ಮುಟ್ಟಬೇಕಾದರೆ ಚಕ್ಕಡಿಗಳಲ್ಲಿ ಘಟ್ಟ ಇಳಿಯಬೇಕು. ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುವ ದಾರಿ ಆಗಲೇ ರೂಢಿಯಲ್ಲಿತ್ತು. ಅಲ್ಲಿಂದ ಪತ್ತೇಮಾರಿಗಳು ಸರಕನ್ನು ಮುಂಬಯಿಗೆ ಒಯ್ಯುತ್ತಿದ್ದವು. ಈ ಸಾಗಾಟದ ಗುರುತು ಹೆಸರಿನಲ್ಲಿ ಉಳಿದಿದೆ: ಧಾರವಾಡ ಸೀಮೆಯ ನಾಡಹತ್ತಿಗೆ ಮುಂಬಯಿಯ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರು ನಿಂತಿತು. ಕುಮಟೆಯ ಗದ್ದೆಗಳಲ್ಲಿ ಆ ಬೆಳೆ ಇರಲಿಲ್ಲ. ಬೆಳೆದ ಊರಿನ ಬದಲು ಹಡಗು ಹತ್ತಿದ ಊರಿನ ಹೆಸರು ಸರಕಿಗೆ ಅಂಟಿಕೊಂಡಿತ್ತು.

ಕುಮಟೆಯದು ತೆರೆದ ಕಡಲು, ಮಳೆಗಾಲದಲ್ಲಿ ನಿಷ್ಪ್ರಯೋಜಕ. ಕಾರವಾರದ ಕೊಲ್ಲಿಗೆ ಗುಡ್ಡದ ಮೂಗು ಮತ್ತು ನಡುಗಡ್ಡೆಗಳ ಆಸರೆ ಇತ್ತು. ಆದ್ದರಿಂದ ಹತ್ತಿಯ ವ್ಯಾಪಾರಿಗಳ ಕಣ್ಣು ಕಾರವಾರ ಮತ್ತು ಎದುರು ದಡದ ಸದಾಶಿವಗಡದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ಧಾರವಾಡ ಆಗಲೇ ಮುಂಬಯಿಯ ಅಡಿಯಲ್ಲಿದ್ದುದರಿಂದ, ಹತ್ತಿ ಬೆಳೆಯುವ ನೆಲವೂ ಅದು ಕಡಲಿಗಿಳಿಯುವ ದಡವೂ ಒಂದೇ ಸರಕಾರದ ಕೈಯಲ್ಲಿರಬೇಕೆಂಬ ಒತ್ತಾಯದ ಫಲ ಇದು. ಜಿಲ್ಲಾ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಅರಬೈಲು ಮತ್ತು ಕೈಗಾ ಘಟ್ಟಗಳ ದಾರಿಗಳ ಕೆಲಸ ನಡೆಯಿತು. 1864ರಲ್ಲಿ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ಎದ್ದಿತು. ಇಂದು ನಾವು ಕಾರವಾರ ಪಟ್ಟಣವೆಂದು ಕರೆಯುವುದರ ಬಹುಭಾಗ ಈ ನಾಲ್ಕೈದು ವರ್ಷಗಳ ಆತುರದಲ್ಲಿ ಹುಟ್ಟಿದ್ದು. ಆ ಆತುರಕ್ಕೆ ಕಾರಣ ಹತ್ತಿ.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯಲ್ಲಿ ಶೇರು ಕೊಂಡವರು ದಿವಾಳಿಯಾದರು. ಕಾರವಾರದಲ್ಲಿ ದಾರಿಯೂ ಧಕ್ಕೆಯೂ ಅರೆಬರೆಯಾಗಿದ್ದಾಗಲೇ ಅವಕ್ಕಾಗಿ ತರಬೇಕಿದ್ದ ಸರಕಿನ ಬೆಲೆ ಹೋಗಿತ್ತು. ರೈಲಿನ ಮಾತು ಮಾತ್ರ ಉಳಿಯಿತು. 1870ರ ದಶಕದ ಉದ್ದಕ್ಕೂ ಕಾರವಾರ–ಹುಬ್ಬಳ್ಳಿ ರೈಲಿನ ಪ್ರಸ್ತಾಪ ಸರಕಾರದ ಕಡತಗಳಲ್ಲಿ ಏಳುತ್ತಲೂ ಬೀಳುತ್ತಲೂ ಇತ್ತು.

ಬೋರಿಬಂದರದಲ್ಲಿ ಎದ್ದ ಕಟ್ಟಡ

ಅದೇ ಹೊತ್ತಿಗೆ ಮುಂಬಯಿಯ ಪರಿಸ್ಥಿತಿ ಬೇರೆಯಾಗಿತ್ತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 34 ಕಿ.ಮೀ. ದೂರ ಓಡಿದ ಮೊದಲ ಪ್ರಯಾಣಿಕರ ಗಾಡಿಯ ಹಿಂದೆಯೇ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ಘಟ್ಟ ಹತ್ತಲು ತೊಡಗಿತ್ತು. 1863ರಲ್ಲಿ ಭೋರ್ ಘಾಟಿನ ಹಳಿ ತೆರೆಯಿತು, 1871ರಲ್ಲಿ ಅದು ರಾಯಚೂರು ಮುಟ್ಟಿ ಮದರಾಸಿನ ರೈಲಿಗೆ ಕೂಡಿಕೊಂಡಿತು. ಯುದ್ಧದ ಬೆಲೆ ಇಳಿದ ಮೇಲೂ ಹತ್ತಿ ಮುಂಬಯಿಗೆ ಹೋಗುತ್ತಲೇ ಇತ್ತು, ಏಕೆಂದರೆ ಹೋಗಲು ಹಳಿ ಸಿದ್ಧವಿತ್ತು. ಕಾರವಾರದಲ್ಲಿ ಬಂದರು ಮೊದಲು, ದಾರಿ ಆಮೇಲೆ ಎಂಬ ಲೆಕ್ಕ ನಡೆದರೆ, ಮುಂಬಯಿಯಲ್ಲಿ ಎರಡೂ ಒಟ್ಟೊಟ್ಟಿಗೆ ಬೆಳೆದಿದ್ದವು.

ಬೋರಿಬಂದರದ ಹಳೆಯ ಸ್ಟೇಷನ್ ಸಾಮಾನ್ಯ ಕಟ್ಟಡವಾಗಿತ್ತು. ಅದರ ಜಾಗದಲ್ಲಿ ಹೊಸದನ್ನು ರೂಪಿಸುವ ಕೆಲಸ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರಿಗೆ ಬಂತು. ಅವರು ಯುರೋಪಿಗೆ ಹೋಗಿ ಅಲ್ಲಿನ ನಿಲ್ದಾಣಗಳನ್ನು ನೋಡಿ ಬಂದರು. 1878ರಲ್ಲಿ ಆರಂಭವಾದ ಕೆಲಸ ಹತ್ತು ವರ್ಷ ನಡೆಯಿತು, ಸುಮಾರು 16 ಲಕ್ಷ ರೂಪಾಯಿ ತಗುಲಿತು. 1887ರಲ್ಲಿ, ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದಲ್ಲಿ, ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು ಬಂತು. 1996ರಲ್ಲಿ ಶಿವಾಜಿಯ ಹೆಸರು, 2017ರಲ್ಲಿ ಅದರ ನಡುವೆ 'ಮಹಾರಾಜ್' ಎಂಬ ಪದ ಸೇರಿದವು.

ಕಟ್ಟಡದ ಮೈಯನ್ನು ಸಾವಕಾಶವಾಗಿ ನೋಡಬೇಕು. ಎದುರಿನ ರಸ್ತೆಯಿಂದ ನೋಡಿದರೆ ಅದು ಎರಡು ತೋಳು ಮುಂದೆ ಚಾಚಿ ನಡುವೆ ಅಂಗಳವನ್ನು ತಬ್ಬಿಕೊಂಡಂತೆ ಇದೆ. ನಕ್ಷೆಯಲ್ಲಿ ಇಂಗ್ಲಿಷಿನ ಸಿ ಅಕ್ಷರದ ಆಕಾರ. ಮಾಲಾಡಿನ ಹಳದಿ ಕಲ್ಲು ಗೋಡೆಗೆ ಬಿಸಿಲಿನ ಬಣ್ಣ ಕೊಟ್ಟರೆ, ಚೂಪು ತಲೆಯ ಕಮಾನುಗಳೂ ಚಿಕ್ಕಚಿಕ್ಕ ಶಿಖರಗಳೂ ಬಣ್ಣದ ಗಾಜಿನ ಕಿಟಕಿಗಳೂ ಇಟಲಿಯ ಗಾಥಿಕ್ ಶೈಲಿಯ ನೆನಪು ತರುತ್ತವೆ. ಅಷ್ಟರಲ್ಲೇ ಕಣ್ಣು ಕೆಳಗೆ ಬಂದರೆ ಕಾಣುವುದು ನವಿಲು, ಮಂಗ, ಬಳ್ಳಿ, ರುಮಾಲು ಸುತ್ತಿದ ತಲೆಗಳು. ಇವುಗಳಲ್ಲಿ ಬಹಳಷ್ಟನ್ನು ಸರ್ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಕೆತ್ತಿದರು. ನಮ್ಮ ಬನವಾಸಿಯ ಕಂಬ ನೋಡಿ ಬೆಳೆದವರಿಗೆ ಈ ಕೆತ್ತನೆಯಲ್ಲಿ ಒಂದು ಗುರುತಿನ ನಗು ಸಿಗುತ್ತದೆ: ಶೈಲಿ ಪರದೇಶದ್ದಾದರೂ ಕಲ್ಲಿನ ಬಳ್ಳಿ ಸುರುಳಿ ತಿರುಗುವಾಗ ಉಳಿಯ ಹಿಂದಿನ ಕೈ ಈ ನೆಲದ್ದೆಂದು ತಿಳಿಯುತ್ತದೆ. ಬಾಗಿಲಿನ ಎರಡು ಕಂಬಗಳ ಮೇಲೆ ಸಿಂಹ ಮತ್ತು ಹುಲಿ ಕುಳಿತಿವೆ. ಸಿಂಹ ಬ್ರಿಟನ್ನಿಗೆ, ಹುಲಿ ಇಂಡಿಯಾಕ್ಕೆ. ಗಡಿಯಾರದ ಕೆಳಗಿನ ಗೂಡಿನಲ್ಲಿದ್ದ ರಾಣಿಯ ಪ್ರತಿಮೆಯನ್ನು ಸ್ವಾತಂತ್ರ್ಯದ ನಂತರ ತೆಗೆದರು.

ನಡುವಿನ ಎಂಟು ಮೂಲೆಯ, ಪಕ್ಕೆಲುಬಿನಂಥ ಕಲ್ಲಿನ ಏಣುಗಳಿರುವ ಗುಮ್ಮಟವೇ ಇಡೀ ಕಟ್ಟಡದ ಹೆಮ್ಮೆ. ಅದರ ನೆತ್ತಿಯ ಮೇಲೆ 'ಪ್ರಗತಿ'ಯ ಸ್ತ್ರೀಪ್ರತಿಮೆ ಬಲಗೈಯಲ್ಲಿ ಪಂಜು ಎತ್ತಿ, ಎಡಗೈಯನ್ನು ಕಡ್ಡಿಗಳಿರುವ ಚಕ್ರದ ಮೇಲಿಟ್ಟು ನಿಂತಿದೆ. ಈಗ ಪ್ರಕರಣಕ್ಕೆ ಮುಖ್ಯವಾದ ಪ್ರಶ್ನೆ: ಈ ಗುಮ್ಮಟದ ಕೆಳಗೆ ಏನಿದೆ? ರೈಲು ಇಲ್ಲ. ಪ್ರಯಾಣಿಕರೂ ಇಲ್ಲ. ಅದರಡಿಯಲ್ಲಿ ಇರುವುದು ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಸಾಲು. ಆ ಮೆಟ್ಟಿಲು ಹತ್ತಿದರೆ ಸಿಗುವುದು ಕಚೇರಿಗಳು. ಆಗ ಅವು ಕಂಪನಿಯ ಮುಖ್ಯ ಕಚೇರಿಗಳು, ಈಗ ಮಧ್ಯ ರೈಲ್ವೆಯವು. ಸಾಮಾನ್ಯ ಪ್ರಯಾಣಿಕ ಕಾಣಬಹುದಾದ ವೈಭವ ಬಹುಮಟ್ಟಿಗೆ ಉತ್ತರದ ತೋಳಿನ ನೆಲ ಅಂತಸ್ತಿನ ಟಿಕೆಟ್ ಪಡಸಾಲೆಗೆ ಸೀಮಿತ. ಮೇಲ್ಛಾವಣಿಯ ನಕ್ಷತ್ರಗಳಿಂದಾಗಿ ಅದಕ್ಕೆ 'ಸ್ಟಾರ್ ಚೇಂಬರ್' ಎಂಬ ಹೆಸರು ಬಂದಿದೆ. ಟಿಕೆಟ್ ಪಡೆದು ಒಳಗೆ ನಡೆದರೆ ಪ್ಲಾಟ್‌ಫಾರ್ಮುಗಳ ಮೇಲೆ ಕಬ್ಬಿಣದ ಕಂಬ, ತಗಡಿನ ಮಾಡು. ಶಿರವಾಡದಲ್ಲಿರುವುದೂ ಅಂಥದ್ದೇ, ಗಾತ್ರ ಮಾತ್ರ ಬೇರೆ. ಇಂದಿನ 18 ಪ್ಲಾಟ್‌ಫಾರ್ಮುಗಳಲ್ಲಿ ಏಳು ಲೋಕಲ್ ಗಾಡಿಗಳಿಗೆ, ಹನ್ನೊಂದು ದೂರದ ಗಾಡಿಗಳಿಗೆ. ಮಂಗಳೂರಿನ ಗಾಡಿಯಿಂದ ಇಳಿದ ನಮ್ಮವರು ಗುಮ್ಮಟದ ಕೆಳಗೆ ಹಾಯದೆಯೇ ಬೀದಿಗೆ ಬಂದುಬಿಡುತ್ತಾರೆ. ಹಿಂತಿರುಗಿ ನೋಡಿದಾಗಲಷ್ಟೇ ಅದು ಕಾಣುವುದು.

ನಿಲ್ದಾಣಗಳ ಕಟ್ಟಡಶಾಸ್ತ್ರದಲ್ಲಿ ಇದು ವಿಚಿತ್ರವೇನೂ ಅಲ್ಲ. ಹಳಿ ಬಂದು ಮುಗಿಯುವ ಕಡೆ, ಅಂದರೆ ಟರ್ಮಿನಸ್ಸಿನಲ್ಲಿ, ಹಳಿಗಳ ತುದಿಯೂ ಒಂದು ಮಗ್ಗುಲೂ ಕಟ್ಟಡಕ್ಕೆ ಬಿಡುವಾಗಿ ಸಿಗುತ್ತವೆ, ಬೀದಿಗೆ ಮುಖ ಕೊಡಲು ಅನುಕೂಲವಿರುತ್ತದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸಿನಲ್ಲಿ ಆ ಮುಖವನ್ನು ಹೋಟೆಲ್ಲಿಗೆ ಕೊಟ್ಟರು, ಬೋರಿಬಂದರದಲ್ಲಿ ಕಚೇರಿಗೆ ಕೊಟ್ಟರು. ಹಾದುಹೋಗುವ ನಿಲ್ದಾಣಕ್ಕೆ ಅಂಥ ಮುಖ ಇರುವುದಿಲ್ಲ. ಅದು ಹಳಿಯ ಮಗ್ಗುಲಿಗೆ ಒರಗಿಸಿದ ಒಂದು ಜಗಲಿ.

ಗಡಿ ದಾಟಿದ ಹಳಿ

ಸ್ಟೀವನ್ಸರ ಕಟ್ಟಡದ ಕೆಲಸ ತೊಡಗಿದ 1878ರಲ್ಲೇ, ಡಿಸೆಂಬರಿನಲ್ಲಿ, ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷ್ ಇಂಡಿಯಾಕ್ಕೆ ಹೋಯಿತು, ಎರಡು ಸೀಮೆಗಳ ನಡುವಿನ ಸುಂಕದ ಕಟ್ಟೆಗಳು ತೆಗೆಯಲ್ಪಟ್ಟವು, ಮುರಗಾಂವ್ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಹಾಕುವುದೆಂದು ನಿಶ್ಚಯವಾಯಿತು. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಹುಟ್ಟಿತು. ದೂಧಸಾಗರದ ಜಲಪಾತದ ಎದುರು ಹಾಯುವ ಆ ಹಳಿ 1888ರ ಹೊತ್ತಿಗೆ ಕ್ಯಾಸಲ್ ರಾಕ್ ಮುಟ್ಟಿತು. ಹತ್ತೇ ವರ್ಷ: ಬೋರಿಬಂದರದ ಗುಮ್ಮಟಕ್ಕೆ ಹಿಡಿದಷ್ಟೇ ಸಮಯ. ಕಾರವಾರದ ರೈಲಿನ ಪ್ರಸ್ತಾಪ ಅಲ್ಲಿಗೆ ಮುಗಿದಂತಾಯಿತು.

ಘಟ್ಟ ಕಡಿದಾಗಿದ್ದರಿಂದ ಕಾರವಾರಕ್ಕೆ ರೈಲು ಬರಲಿಲ್ಲ ಎಂಬ ವಿವರಣೆಯನ್ನು ನಾನು ಒಪ್ಪಲಾರೆ. ಕ್ಯಾಸಲ್ ರಾಕಿನಿಂದ ಕುಳೆಗೆ ಇಳಿಯುವ ಹಳಿಯ ಏರು 37 ಅಡಿಗೆ ಒಂದಡಿ. ಭೋರ್ ಘಾಟಿನದೂ ಅಷ್ಟೇ. ಅದಕ್ಕೆ ಹೆದರದವರು ಅರಬೈಲಿಗೆ ಹೆದರುತ್ತಿರಲಿಲ್ಲ. ಬಂದರಿನ ಅನುಕೂಲವೂ ನಿರ್ಣಾಯಕ ಕಾರಣವಲ್ಲ, ಏಕೆಂದರೆ ಅಲೆತಡೆ ಗೋಡೆ ಮುರಗಾಂವಿಗೂ ಬೇಕಿತ್ತು, ಕಾರವಾರಕ್ಕೂ ಬೇಕಿತ್ತು. ವ್ಯತ್ಯಾಸ ಇದ್ದದ್ದು ದುಡ್ಡು ಯಾರದೆಂಬುದರಲ್ಲಿ. ಮುರಗಾಂವ್ ರೈಲಿಗೆ ಹೂಡಿದ ಬಂಡವಾಳದ ಬಡ್ಡಿಗೆ ಪೋರ್ಚುಗೀಸ್ ಸರಕಾರ ಖಾತರಿ ನಿಂತಿತು. ಕಾರವಾರಕ್ಕೆ ರೈಲು ತಂದಿದ್ದರೆ ಆ ಹೊರೆ ಬ್ರಿಟಿಷ್ ಇಂಡಿಯಾದ ಖಜಾನೆಯ ಮೇಲೆ ಬೀಳುತ್ತಿತ್ತು. ಕಡಲಿಗೊಂದು ದಾರಿ ಇನ್ನೊಬ್ಬರ ಖರ್ಚಿನಲ್ಲಿ, ಜೊತೆಗೆ ಉಪ್ಪಿನ ಲಾಭವೂ ಸೇರಿ ಸಿಗುವಾಗ, ಲೆಕ್ಕ ಬಲ್ಲ ಯಾವ ಅಧಿಕಾರಿಯೂ ಕಾರವಾರದ ಕಡತವನ್ನು ಮೇಲೆ ಇಡುತ್ತಿರಲಿಲ್ಲ. ಗೋವಾ ಕಸಿದುಕೊಂಡಿತು ಎಂಬ ಮಾತೂ ಇದರಿಂದ ಸಡಿಲಾಗುತ್ತದೆ. ಆ ರೈಲು ನಿರೀಕ್ಷಿಸಿದಷ್ಟು ಸರಕು ಕಾಣದೆ ಪೋರ್ಚುಗೀಸರಿಗೆ ಬಹುಕಾಲ ಭಾರವಾಯಿತು. 1892ರಲ್ಲಿ ಒಪ್ಪಂದವೂ ಕೊನೆಗೊಂಡಿತು.

ಇಲ್ಲೊಂದು ಸಂಗತಿಯನ್ನು ನಮ್ಮ ಜಿಲ್ಲೆಯವರೇ ಮರೆಯುತ್ತಾರೆ. ಕ್ಯಾಸಲ್ ರಾಕ್ ಇರುವುದು ಗೋವಾದಲ್ಲಲ್ಲ, ಉತ್ತರ ಕನ್ನಡದಲ್ಲಿ, ಇಂದಿನ ಜೋಯಿಡಾ ತಾಲೂಕಿನಲ್ಲಿ. ಎಂದರೆ 19ನೆಯ ಶತಮಾನದಲ್ಲಿಯೇ ನಮ್ಮ ಜಿಲ್ಲೆಗೆ ರೈಲು ಬಂದಿತ್ತು, ಜಿಲ್ಲಾ ಕೇಂದ್ರವನ್ನು ಬಿಟ್ಟು ಕಾಡಿನೊಳಗೆ, 600 ಮೀಟರಿಗೂ ಮೇಲಿನ ಎತ್ತರದಲ್ಲಿ. ಅದು ಎರಡು ಸಾಮ್ರಾಜ್ಯಗಳ ಗಡಿಯ ನಿಲ್ದಾಣವಾಗಿತ್ತು. ಸುಂಕದವರು ಪೆಟ್ಟಿಗೆ ಬಿಚ್ಚಿಸಿ ನೋಡುವ ತನಕ ಗಾಡಿ ಕಾಯಬೇಕು. ಹಾಗಾಗಿ ಎರಡು ನಿಮಿಷದ ನಿಲ್ದಾಣಕ್ಕೆ ಬೇಕಾದುದಕ್ಕಿಂತ ಹೆಚ್ಚು ಜಾಗ, ಹೆಚ್ಚು ಕೋಣೆ, ಹೆಚ್ಚು ಹಳಿ ಅದಕ್ಕೆ ಅಗತ್ಯವಾದವು. 1955ರಲ್ಲಿ ಗೋವಾದ ಗಡಿ ಮುಚ್ಚಿದಾಗ ಗಾಡಿಯೂ ನಿಂತಿತು; 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಸುಂಕದ ಕೆಲಸವೇ ಇಲ್ಲವಾಯಿತು. ಇಂದು ಅಲ್ಲಿಗೆ ಹೋಗುವವರು ಹೆಚ್ಚಾಗಿ ಮಳೆಗಾಲದ ಚಾರಣಿಗರು.

ಧಾರವಾಡದಲ್ಲಿ ನಿಂತ ಕಟ್ಟಡ

ಹಳಿ ಕಾರವಾರಕ್ಕೆ ಬಂದಿದ್ದರೆ ಅದರ ಜೊತೆ ಭವ್ಯ ನಿಲ್ದಾಣವೂ ಬರುತ್ತಿತ್ತೇ? ಇದನ್ನು ಊಹೆಗೆ ಬಿಡಬೇಕಾಗಿಲ್ಲ, ಹೋಲಿಸಿ ನೋಡಲು ಉದಾಹರಣೆಗಳಿವೆ. ಹಳಿಯನ್ನು ಗೆದ್ದ ಮುರಗಾಂವಿಗೆ ವಿ.ಟಿ.ಯಂಥದ್ದು ಬರಲಿಲ್ಲ. ಘಟ್ಟದ ಮೇಲಿನ ಹಳಿಗಳನ್ನು ಹಾಕಿದ್ದು 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದರ ಬಹುದೊಡ್ಡ ನಿಲ್ದಾಣವಾದ ಹುಬ್ಬಳ್ಳಿಗೂ ಅಂಥ ಗುಮ್ಮಟ ಬರಲಿಲ್ಲ. ಆದರೆ ಆ ಕಂಪನಿ ಭವ್ಯ ಕಟ್ಟಡವನ್ನೇ ಕಟ್ಟಲಿಲ್ಲವೆಂದರೆ ತಪ್ಪಾಗುತ್ತದೆ. ಕಟ್ಟಿತು, ಹಳಿಯಿಂದ ದೂರ, ಧಾರವಾಡದಲ್ಲಿ, ತನ್ನ ಮುಖ್ಯ ಕಚೇರಿಗೆಂದು. 1908ರಲ್ಲಿ ಕಂಪನಿ ಮದರಾಸ್ ರೈಲ್ವೆಯೊಡನೆ ಸೇರಿ ಮುಖ್ಯ ಕಚೇರಿ ಮದರಾಸಿಗೆ ಹೋದಾಗ ಕಟ್ಟಡ ಖಾಲಿಯಾಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಅದರಲ್ಲಿ ನೆಲೆಯೂರಿತು.

ಧಾರವಾಡದ ಕೆ.ಸಿ.ಡಿ.ಯಲ್ಲಿ ಓದಿದವರು ನಮ್ಮ ಜಿಲ್ಲೆಯ ಮನೆಮನೆಗಳಲ್ಲಿದ್ದಾರೆ. ಆ ಉದ್ದನೆಯ ಕಲ್ಲಿನ ಕಟ್ಟಡದ ಮೊಗಸಾಲೆಯಲ್ಲಿ ನಾಲ್ಕು ವರ್ಷ ಓಡಾಡಿದ ಶಿರಸಿ, ಅಂಕೋಲೆ, ಕುಮಟೆಯ ಹುಡುಗರಲ್ಲಿ ಎಷ್ಟು ಮಂದಿಗೆ ತಾವು ಒಂದು ರೈಲ್ವೆ ಕಂಪನಿಯ ವೈಭವದಡಿ ಕುಳಿತು ಪಾಠ ಕೇಳುತ್ತಿದ್ದೇವೆಂದು ಹೊಳೆದಿತ್ತೋ ತಿಳಿಯದು. ಬೋರಿಬಂದರದ ಗುಮ್ಮಟದ ಕೆಳಗೂ ಧಾರವಾಡದ ಮೊಗಸಾಲೆಯ ಹಿಂದೆಯೂ ಇದ್ದದ್ದು ಒಂದೇ: ಪಾಲುದಾರರಿಗೆ ಲೆಕ್ಕ ಒಪ್ಪಿಸುವ, ಗುತ್ತಿಗೆ ಹಂಚುವ, ಗಾಡಿಗಳ ವೇಳಾಪಟ್ಟಿ ಬರೆಯುವ ಕಚೇರಿ. ಮುಂಬಯಿಯಲ್ಲಿ ಕಚೇರಿ ಮತ್ತು ಹಳಿಯ ಕೊನೆ ಒಂದೇ ಜಾಗದಲ್ಲಿ ಬಂದದ್ದರಿಂದ ನಾವು ಕಚೇರಿಯ ವೈಭವವನ್ನು ನಿಲ್ದಾಣದ ವೈಭವವೆಂದು ಓದುತ್ತೇವೆ. ಕಾರವಾರಕ್ಕೆ 1880ರ ದಶಕದಲ್ಲಿ ರೈಲು ಬಂದಿದ್ದರೆ ಬೈತಖೋಲದ ಬದಿಯಲ್ಲಿ ಹತ್ತಿಯ ಅಂಡಿಗೆ ಇಡುವ ಗೋದಾಮುಗಳೂ, ಚಿರೇಕಲ್ಲಿನ ಗೋಡೆಗೆ ಮಂಗಳೂರು ಹೆಂಚಿನ ಮಾಡು ಹೊದಿಸಿದ ಒಂದು ಸ್ಟೇಷನ್ನೂ ಬರುತ್ತಿದ್ದವೆಂದು ನನ್ನ ಅಂದಾಜು. ಅದಾದರೂ ಊರೊಳಗೆ, ಕಡಲಿನ ಎದುರು ಇರುತ್ತಿತ್ತು. ತಪ್ಪಿದ್ದರಲ್ಲಿ ಕೊರಗಬೇಕಾದದ್ದು ಅಷ್ಟಕ್ಕೆ.

ಶಿರವಾಡ

ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯಿಂದ. 1990ರಲ್ಲಿ ನಿಗಮ ಸ್ಥಾಪನೆಯಾಗಿ, ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ಕೆಲಸ ನಡೆದು, 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನವರೆಗಿನ ಹಳಿ ಪೂರ್ತಿ ತೆರೆಯಿತು. ಈ ಬಾರಿ ಬಂಡವಾಳದಲ್ಲಿ ಕರ್ನಾಟಕದ್ದೂ ಪಾಲಿತ್ತು: ನೂರಕ್ಕೆ 15. ನಿಗಮದ ಎರಡು ವಿಭಾಗಗಳಲ್ಲಿ ಒಂದರ ಕೇಂದ್ರ ರತ್ನಾಗಿರಿ, ಇನ್ನೊಂದರದು ಕಾರವಾರ. ಆದರೂ ಗುಮ್ಮಟವೇಳುವ ಕಾಲ ಅದಾಗಿರಲಿಲ್ಲ. ಈ ರೈಲಿನ ದುಡ್ಡೂ ಜಾಣ್ಮೆಯೂ ಹೋದದ್ದು ಹಳಿಯ ಅಡಿಗೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ 2 ಕಿ.ಮೀ. ಮೀರುತ್ತದೆ, ಇಡೀ ಕೊಂಕಣ ರೈಲ್ವೆಯಲ್ಲಿ ಅದೇ ಅತಿ ಉದ್ದ. ಕಾರವಾರದ ದಕ್ಷಿಣದ ಗುಡ್ಡವನ್ನು ಕೊರೆದ ಸುರಂಗ 2,950 ಮೀಟರ್. ಭೋರ್ ಘಾಟಿನ ಎಂಜಿನಿಯರರು ಏರನ್ನು ಒಪ್ಪಿಕೊಂಡರು. ಇವರು 150 ಅಡಿಗೆ ಒಂದಡಿಗಿಂತ ಹೆಚ್ಚಿನ ಏರನ್ನು ಒಪ್ಪದೆ ಬೆಟ್ಟವನ್ನು ಕೊರೆದರು, ಹೊಳೆಗಳನ್ನು ಎತ್ತರದಲ್ಲಿ ದಾಟಿದರು.

ನಿಲ್ದಾಣ ಊರಿನಿಂದ ದೂರ ಬಿದ್ದುದರ ಗುಟ್ಟೂ ಇಲ್ಲಿದೆ. ವೇಗಕ್ಕೆಂದು ಎಳೆದ ಹಳಿ ತೀವ್ರ ತಿರುವುಗಳನ್ನು ಸಹಿಸುವುದಿಲ್ಲ. ಕಾಳಿ ನದಿಯನ್ನು ಪಟ್ಟಣದ ಒಳಮಗ್ಗುಲಿನಲ್ಲಿ ದಾಟಿದ ಹಳಿಯನ್ನು ಕಡಲಬದಿಗೆ ತಿರುಗಿಸಿ, ಮತ್ತೆ ಗುಡ್ಡದ ಸುರಂಗದ ಬಾಯಿಗೆ ತರುವುದಕ್ಕಿಂತ, ಶಿರವಾಡದ ಬಯಲಿನಲ್ಲಿ ನೇರ ಹಾಯಿಸುವುದು ಸಲೀಸು. ನಿಲ್ದಾಣ ಹಳಿಯನ್ನು ಹುಡುಕಿಕೊಂಡು ಹೋಯಿತು. ಇದರಲ್ಲಿ ಪಟ್ಟಣಕ್ಕೆ ಆದ ನಷ್ಟ ಸಣ್ಣದಲ್ಲ: ಬೋರಿಬಂದರದ ಸುತ್ತ ಬೀದಿ, ಪೇಟೆ, ಕಚೇರಿಗಳು ನಿಲ್ದಾಣದ ಕಡೆ ಮುಖಮಾಡಿ ಬೆಳೆದವು, ಶಿರವಾಡದ ನಿಲ್ದಾಣದ ಎದುರು ಕೊನೆಯ ಗಾಡಿ ಹೋದ ಮೇಲೆ ರಿಕ್ಷಾಗಳೂ ಇರುವುದಿಲ್ಲ. ಬೆಂಗಳೂರಿನ ಗಾಡಿ ಇಲ್ಲಿಯೇ ಕೊನೆಗೊಳ್ಳುವುದರಿಂದ ಹೆಸರಿಗೆ ಇದೂ ಒಂದು ಟರ್ಮಿನಸ್ಸೇ, ಆದರೆ ಹಳಿ ಮಾತ್ರ ಎರಡೂ ಕಡೆ ತೆರೆದುಕೊಂಡೇ ಇದೆ.

ಹಳೆಯ ಹತ್ತಿಯ ದಾರಿ ಇನ್ನೊಮ್ಮೆ ಕಡತಕ್ಕೆ ಬಂದಿದೆ, ಹುಬ್ಬಳ್ಳಿ–ಅಂಕೋಲಾ ರೈಲಿನ ಹೆಸರಿನಲ್ಲಿ. 1990ರ ದಶಕದ ಕೊನೆಗೆ ಮಂಜೂರಾದ, ಸುಮಾರು 165 ಕಿ.ಮೀ. ಉದ್ದದ ಈ ಹಳಿ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಸಮಿತಿಗಳ, ನ್ಯಾಯಾಲಯಗಳ ಮುಂದೆ ದಶಕಗಳನ್ನು ಕಳೆದಿದೆ. ಕಾಡು ಉಳಿಯಬೇಕೆನ್ನುವವರ ಮಾತಿನಲ್ಲಿ ಹುರುಳಿದೆ, ಬಂದರಿಗೆ ದಾರಿ ಬೇಕೆನ್ನುವವರ ಮಾತಿನಲ್ಲೂ ಇದೆ; ಅದನ್ನು ತೀರ್ಮಾನಿಸುವುದು ಈ ಪ್ರಕರಣದ ಕೆಲಸವಲ್ಲ. ಕಾರವಾರದ ಮಟ್ಟಿಗೆ ಹೇಳುವುದಾದರೆ, ಆ ಹಳಿ ಎಂದಾದರೂ ಘಟ್ಟ ಇಳಿದರೆ ಕೊಂಕಣ ರೈಲಿಗೆ ಕೂಡಿಕೊಳ್ಳುವುದು ಅಂಕೋಲೆಯಲ್ಲಿ. ಹುಬ್ಬಳ್ಳಿಯಿಂದ ಬಂದ ಪ್ರಯಾಣಿಕ ಅಲ್ಲಿಂದ ಉತ್ತರಕ್ಕೆ ತಿರುಗಿ, ಹಾರವಾಡ ದಾಟಿ, ಸುರಂಗದೊಳಗಿಂದ ಶಿರವಾಡಕ್ಕೆ ಬಂದಿಳಿದು, ಕಾರವಾರಕ್ಕೆ ರಿಕ್ಷಾ ಹುಡುಕಬೇಕು.